ಬ್ಯಾಗಿನ ಪಕ್ಕದಲ್ಲೊಂದು ಉಬ್ಬು

ಬೋಗಾದಿಯ ಅಕ್ಕನ ಮನೆಗೆ ಹೋದರೆ ಗೇಟಿನ ಸದ್ದಿಗೆ ಮೊದಲು ಹೊರಗೆ ಬರುವವರು ಭಾವ. ಕೈಯಲ್ಲಿ ಮಡಿಸಿದ ಪೇಪರು, ಬಾಯಲ್ಲಿ ‘ಬಾರಯ್ಯ, ಕಾಫಿ ಆಯ್ತಾ?’ ಆ ಭಾನುವಾರ ಅವರು ಬರಲಿಲ್ಲ. ಅಡುಗೆಮನೆಯಲ್ಲಿ ಅಕ್ಕ ದನಿ ತಗ್ಗಿಸಿ ಹೇಳಿದಳು: ‘ಬ್ಯಾಗು ನಿಲ್ತಾನೇ ಇಲ್ಲ ಕಣೋ. ಎಡಗಡೆಯಿಂದ ಸೋರುತ್ತೆ. ದಿನಕ್ಕೆ ಮೂರು ಬನಿಯನ್ ಒಗೀತಿದೀನಿ. ಕೇಳಿದ್ರೆ ಬಾಯೇ ಬಿಡಲ್ಲ. ನೀನಾದ್ರೂ ಕೇಳು.’

ಭಾವನಿಗೆ ಮೂರು ವರ್ಷದ ಹಿಂದೆ ಗುದನಾಳದ ಕ್ಯಾನ್ಸರ್ ಆಗಿತ್ತು. ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಕಳೆದಿದ್ದರು. ನಮ್ಮಲ್ಲಿ ಬಹಳ ಜನರ ಕಥೆ ಹೀಗೇ ಶುರುವಾಗುತ್ತದೆ. ಗೆಡ್ಡೆ ಗುದದ್ವಾರಕ್ಕೆ ತೀರ ಹತ್ತಿರದಲ್ಲಿತ್ತು. ಹಾಗಾಗಿ ಗುದನಾಳ, ಗುದದ್ವಾರ ಎರಡನ್ನೂ ತೆಗೆದು, ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಚರ್ಮಕ್ಕೆ ಹೊಲಿದರು. ಅದು ಕೊಲಾಸ್ಟಮಿ. ಹೊಟ್ಟೆಯ ಮೇಲೆ ಕೆಂಪಗೆ, ಒದ್ದೆಯಾಗಿ ಕಾಣುವ ಆ ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಬಾಯಿ ಎಂದೇ ಅರ್ಥ. ಅದರ ಸುತ್ತ ಅಂಟಿಸಿಕೊಳ್ಳುವ ಚೀಲವನ್ನು ಮನೆಮಂದಿಯೆಲ್ಲ ಕರೆಯುವುದು ‘ಬ್ಯಾಗು’ ಎಂದು. ಭಾವನದು ಮತ್ತೆ ಮುಚ್ಚುವಂಥದ್ದಲ್ಲ, ಕಾಯಂ.

ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಅವರು ಮಂಚದ ಮೇಲೆ ಮಲಗಿ ಬನಿಯನ್ ಎತ್ತಿದರು. ಹೊಟ್ಟೆ ಸಮವಾಗಿಯೇ ಇತ್ತು. ‘ಈಗ ನೋಡು’ ಎಂದು ಎದ್ದು, ಬೀರುವಿನ ಕನ್ನಡಿ ಎದುರು ನಿಂತರು. ಸ್ಟೋಮಾದ ಪಕ್ಕದಲ್ಲಿ ಮೂಸಂಬಿ ಗಾತ್ರದ ಉಬ್ಬು ನಿಧಾನವಾಗಿ ಎದ್ದು ಬಂತು. ಕೆಮ್ಮಿದರು, ಒಳಗಿನಿಂದ ಯಾರೋ ಮುಷ್ಟಿಯಲ್ಲಿ ಒತ್ತಿದ ಹಾಗೆ ಅದು ಇನ್ನಷ್ಟು ಮುಂದೆ ಬಂತು. ಮಲಗಿದ್ದಾಗ ದುಂಡಗಿದ್ದ ಸ್ಟೋಮಾ ಈಗ ಮೊಟ್ಟೆಯಾಕಾರಕ್ಕೆ ಎಳೆದುಕೊಂಡು ಒಂದು ಬದಿಗೆ ವಾಲಿತ್ತು. ‘ಎರಡು ತಿಂಗಳಾಯ್ತು. ಗೆಡ್ಡೆ ವಾಪಸ್ ಬಂತು ಅಂದ್ಕೊಂಡೆ. ನಿಮ್ಮಕ್ಕಂಗೆ ಹೇಳೋ ಧೈರ್ಯ ಬರಲಿಲ್ಲ’ ಎಂದರು.

ಗೆಡ್ಡೆ ಬಂದಿರಲಿಲ್ಲ. ಮರುದಿನವೇ ತೋರಿಸಿದೆವು, ಸ್ಕ್ಯಾನ್ ಆಯಿತು. ಸ್ಟೋಮಾದ ಪಕ್ಕದ ಸ್ನಾಯುವಿನ ಸಂದಿಯಲ್ಲಿ ಒಳಗಿನ ಕರುಳಿನ ಒಂದು ಭಾಗ ತೂರಿ ಬಂದು ಚರ್ಮದ ಕೆಳಗೆ ಕೂತಿತ್ತು. ವೈದ್ಯಕೀಯದಲ್ಲಿ ಇದು ಪ್ಯಾರಾಸ್ಟೋಮಲ್ ಹರ್ನಿಯಾ. ‘ಕಾಯಂ ಕೊಲಾಸ್ಟಮಿ ಇರೋವ್ರಿಗೆ ಇದು ತುಂಬಾ ಸಾಮಾನ್ಯ, ಹೆದರಬೇಡಿ’ ಎಂದರು ವೈದ್ಯರು. ಆಟೋದಲ್ಲಿ ವಾಪಸ್ ಬರುವಾಗ ಮಾನಸಗಂಗೋತ್ರಿ ದಾಟುವವರೆಗೂ ಸುಮ್ಮನಿದ್ದ ಭಾವ ಆಮೇಲೆ ಕೇಳಿದ್ದು ಒಂದೇ ಮಾತು: ‘ಅಷ್ಟು ಸಾಮಾನ್ಯ ಆಗಿದ್ರೆ ಮೂರು ವರ್ಷದ ಹಿಂದೆ ಯಾಕೆ ಯಾರೂ ಹೇಳಲಿಲ್ಲ?’

ಈ ಪ್ರಶ್ನೆಯೇ ನನ್ನನ್ನು ಇದನ್ನು ಬರೆಯಲು ಕೂರಿಸಿದೆ. ಎಷ್ಟು ಸಾಮಾನ್ಯ ಎಂದು ಮೊದಲು ಹೇಳಿಬಿಡುತ್ತೇನೆ. ಯುರೋಪಿನ ಹರ್ನಿಯಾ ತಜ್ಞರ ಸಂಘ ತನ್ನ ಮಾರ್ಗಸೂಚಿಯಲ್ಲಿ ಕೊಟ್ಟಿರುವ ಲೆಕ್ಕದ ಪ್ರಕಾರ, ಇಂಥ ಕೊಲಾಸ್ಟಮಿ ಆದವರಲ್ಲಿ ಮೊದಲ ವರ್ಷದೊಳಗೇ ಶೇ 30ಕ್ಕೂ ಹೆಚ್ಚು ಮಂದಿಗೆ ಹರ್ನಿಯಾ ಕಾಣಿಸಿಕೊಳ್ಳುತ್ತದೆ. ಎರಡು ವರ್ಷಕ್ಕೆ ಅದು ಶೇ 40, ಇನ್ನೂ ಮುಂದಕ್ಕೆ ಹೋದರೆ ಶೇ 50 ದಾಟುತ್ತದೆ. ಅಂದರೆ ಬ್ಯಾಗು ಹಾಕಿಕೊಂಡು ವರ್ಷಾನುಗಟ್ಟಲೆ ಬದುಕುವ ಇಬ್ಬರಲ್ಲಿ ಒಬ್ಬರಿಗೆ ಇದು ಬರುತ್ತದೆ. ಎಲ್ಲರಿಗೂ ತೊಂದರೆ ಕೊಡುವುದಿಲ್ಲ, ನಿಜ. ಎಷ್ಟೋ ಜನರಿಗೆ ಅದು ಇರುವುದು ಸ್ಕ್ಯಾನಿನಲ್ಲಿ ಮಾತ್ರ ಗೊತ್ತಾಗುತ್ತದೆ. ಆದರೆ ಇಬ್ಬರಲ್ಲಿ ಒಬ್ಬರಿಗೆ ಬರುವಂಥದ್ದನ್ನು ಮುಂಚೆಯೇ ಹೇಳದೆ ಮನೆಗೆ ಕಳಿಸಿದರೆ, ಆ ಉಬ್ಬನ್ನು ಕಂಡ ರೋಗಿ ತಾನು ಏನೋ ತಪ್ಪು ಮಾಡಿದೆ ಎಂದೋ, ಕ್ಯಾನ್ಸರ್ ಮರುಕಳಿಸಿತು ಎಂದೋ ಒಳಗೊಳಗೇ ಕೊರಗುತ್ತಾನೆ.

ಯಾಕೆ ಬರುತ್ತದೆ? ಸೈಕಲ್ ತುಳಿದು ಬೆಳೆದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಟೈರಿನಲ್ಲಿ ಎಲ್ಲೋ ಒಂದು ಕಡೆ ಸೀಳು ಬಿಟ್ಟಿದ್ದರೆ, ಗಾಳಿ ತುಂಬಿದ ಕೂಡಲೇ ಒಳಗಿನ ಟ್ಯೂಬು ಆ ಸೀಳಿನಿಂದ ಗುಳ್ಳೆಯ ಹಾಗೆ ಹೊರಗೆ ಉಬ್ಬುತ್ತದಲ್ಲ, ಅದೇ ಇದು. ನಮ್ಮ ಹೊಟ್ಟೆಯ ಗೋಡೆ ಪದರ ಪದರವಾದ ಸ್ನಾಯುಗಳ ಟೈರು. ಒಳಗಿನ ಒತ್ತಡ ಯಾವಾಗಲೂ ಒಂದೇ ಸಮ ಇರುವುದಿಲ್ಲ. ಕೆಮ್ಮಿದಾಗ, ಸೀನಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಥಟ್ಟನೆ ಏರುತ್ತದೆ. ಕರುಳನ್ನು ಹೊರಗೆ ತರಬೇಕಾದರೆ ಆ ಗೋಡೆಯಲ್ಲಿ ಒಂದು ತೂತು ಮಾಡಲೇಬೇಕು. ಸಾಮಾನ್ಯವಾಗಿ ಎರಡು ಬೆರಳು ಹಿಡಿಸುವಷ್ಟು. ಕಿರಿದಾದರೆ ಕರುಳಿಗೆ ರಕ್ತ ಹರಿಯದೆ ಸ್ಟೋಮಾ ಕಪ್ಪಾಗುತ್ತದೆ. ಅಗಲವಾದರೆ ಪಕ್ಕದಲ್ಲಿ ಸಂದಿ ಉಳಿಯುತ್ತದೆ. ತೂತು ಒಮ್ಮೆ ಹಿಗ್ಗಲು ಶುರುವಾಯಿತೆಂದರೆ ಅದರ ಅಂಚಿನ ಮೇಲೆ ಬೀಳುವ ಎಳೆತವೂ ಹೆಚ್ಚುತ್ತದೆ, ಹಾಗಾಗಿ ಇನ್ನಷ್ಟು ಹಿಗ್ಗುತ್ತದೆ. ಆ ಸಂದಿಯಲ್ಲಿ ಮೊದಲು ಒಂದಿಷ್ಟು ಕೊಬ್ಬು ತೂರುತ್ತದೆ, ಆಮೇಲೆ ಕರುಳಿನ ಮಡಿಕೆ.

ತೊಡೆಸಂದಿನ ಹರ್ನಿಯಾ ನಮಗೆಲ್ಲ ಗೊತ್ತು. ಅಲ್ಲಿ ವೈದ್ಯರಿಗೊಂದು ಅನುಕೂಲವಿದೆ, ದೌರ್ಬಲ್ಯವಿದ್ದ ಜಾಗವನ್ನು ಭದ್ರ ಮಾಡಿ ಮುಚ್ಚಿಬಿಡಬಹುದು. ಇಲ್ಲಿ ಹಾಗಲ್ಲ. ತೂತನ್ನು ಮುಚ್ಚುವಂತಿಲ್ಲ, ಮಲ ಹೊರಗೆ ಬರುವ ದಾರಿಯೇ ಅದು. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯ ಗುದನಾಳವನ್ನು ಪೂರ್ತಿ ತೆಗೆಯುವ ಈ ಶಸ್ತ್ರಚಿಕಿತ್ಸೆಯ ವಿಧಾನವನ್ನು 1908ರಲ್ಲಿ ಪ್ರಕಟಿಸಿದ. ಅಲ್ಲಿಂದ ಈಚೆಗೆ ಅಸಂಖ್ಯ ಜನ ಅದರಿಂದ ಬದುಕುಳಿದಿದ್ದಾರೆ. ನಮ್ಮ ಭಾವನೂ ಅವರಲ್ಲೊಬ್ಬರು. ಆ ಬದುಕಿನ ಜೊತೆಗೇ ಈ ತೂತಿನ ತಾಪತ್ರಯವೂ ಬಂದಿದೆ.

ಯಾರಿಗೆ ಹೆಚ್ಚು ಅಪಾಯ ಎಂದು ಕೇಳಿದರೆ ಮೊದಲು ಬರುವುದು ಬೊಜ್ಜು. ಅದರಲ್ಲೂ ಸೊಂಟದ ಸುತ್ತಳತೆ 100 ಸೆಂಟಿಮೀಟರು ದಾಟಿದವರು ಎಚ್ಚರವಾಗಿರಬೇಕು. ವಯಸ್ಸು, ಬಿಡದ ಕೆಮ್ಮು, ಬೀಡಿ ಸಿಗರೇಟು, ದೀರ್ಘಕಾಲ ತೆಗೆದುಕೊಂಡ ಸ್ಟಿರಾಯ್ಡ್, ಮಲಬದ್ಧತೆ, ಗಾಯಕ್ಕೆ ಆದ ಸೋಂಕು ಇವೆಲ್ಲ ಸೇರುತ್ತವೆ. ಮೊದಲೇ ಬೇರೆ ಕಡೆ ಹರ್ನಿಯಾ ಆಗಿದ್ದವರ ಸ್ನಾಯುಗಳ ಗುಣವೇ ಸಡಿಲ. ತೂಕ ಇಳಿದು ಸೊರಗಿದವರಿಗೂ ಅಪಾಯ ತಪ್ಪಿದ್ದಲ್ಲ, ಅವರ ಗೋಡೆಯಲ್ಲಿ ಕಸುವಿರುವುದಿಲ್ಲ. ಇಷ್ಟು ಹೇಳಿದ ಮೇಲೂ ಒಂದು ಮಾತು ಸೇರಿಸಲೇಬೇಕು: ಏನೂ ತಪ್ಪು ಮಾಡದೆ, ತೆಳ್ಳಗೆ, ಆರೋಗ್ಯವಾಗಿದ್ದವರಿಗೂ ಬರುತ್ತದೆ. ‘ನೀವು ಸುಮ್ನೆ ಕೂರಲ್ಲ, ಅದಕ್ಕೇ ಬಂತು’ ಎಂದು ಅಕ್ಕ ಭಾವನನ್ನು ಬೈದಾಗ ನಾನು ಅವಳನ್ನು ತಡೆದೆ.

ಅಪಾಯವನ್ನು ತಗ್ಗಿಸುವ ಕೆಲಸ ಶಸ್ತ್ರಚಿಕಿತ್ಸೆಗೆ ಮುಂಚೆಯೇ, ಒಂದು ಮಾರ್ಕರ್ ಪೆನ್ನಿನಿಂದ ಶುರುವಾಗಬೇಕು. ರೋಗಿಯನ್ನು ಮಲಗಿಸಿ ಒಂದು ಜಾಗ ನೋಡಿದರೆ ಸಾಲದು. ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಕೂತಾಗ ಹೊಟ್ಟೆ ಎಲ್ಲಿ ಮಡಿಕೆ ಬೀಳುತ್ತದೆ? ಹಳೆ ಹೊಲಿಗೆಯ ಗುರುತು ಎಲ್ಲಿದೆ? ಆ ಜಾಗ ರೋಗಿಯ ಕಣ್ಣಿಗೆ ಕಾಣುತ್ತದೆಯೇ? ಹೊಕ್ಕುಳಿನ ಎರಡೂ ಬದಿಯಲ್ಲಿ ಪಟ್ಟಿಯಂತೆ ಮೇಲಿಂದ ಕೆಳಕ್ಕೆ ಇಳಿಯುವ ರೆಕ್ಟಸ್ ಸ್ನಾಯು ಇದೆಯಲ್ಲ, ಅದರ ಮೂಲಕ ಕರುಳನ್ನು ಹೊರಗೆ ತರುವುದು ರೂಢಿ. ಆ ಸ್ನಾಯುವಿನ ಅಂಚು ಎಲ್ಲಿದೆ ಎಂಬುದನ್ನೂ ಕೈಯಿಟ್ಟು ನೋಡಬೇಕು. ಇಷ್ಟನ್ನು ಪಾಶ್ಚಾತ್ಯ ಪುಸ್ತಕಗಳೂ ಹೇಳುತ್ತವೆ, ಪ್ಯಾಂಟಿನ ಬೆಲ್ಟು ಎಲ್ಲಿ ಬರುತ್ತದೆ ನೋಡಿ ಎನ್ನುತ್ತವೆ. ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಯಜಮಾನರು ಪಂಚೆ ಎಲ್ಲಿ ಕಟ್ಟುತ್ತಾರೆ? ಪಂಚೆ ಕಟ್ಟುವವರು ಹೊಕ್ಕುಳಿನ ಮೇಲಕ್ಕೂ ಕಟ್ಟುತ್ತಾರೆ, ಕೆಳಕ್ಕೂ ಕಟ್ಟುತ್ತಾರೆ. ಅಮ್ಮನವರ ಲಂಗದ ಲಾಡಿ ಎಲ್ಲಿ ಬಿಗಿಯುತ್ತದೆ, ನೆರಿಗೆ ಎಲ್ಲಿ ಸಿಕ್ಕಿಸುತ್ತಾರೆ? ಲಾಡಿ ಸ್ಟೋಮಾದ ಮೇಲೇ ಬಂದರೆ ದಿನವಿಡೀ ಉಜ್ಜುತ್ತದೆ, ಬ್ಯಾಗಿಗೆ ಮಲ ಇಳಿಯಲು ಜಾಗವಿರುವುದಿಲ್ಲ. ಆಮೇಲೆ ಹರ್ನಿಯಾ ಬಂದು ಹೊಟ್ಟೆಗೆ ಆಸರೆಯ ಬೆಲ್ಟು ಕಟ್ಟಬೇಕಾದಾಗ ಅದೂ ಕೂರುವುದಿಲ್ಲ. ಮುಂಚೆಯೇ ಗುರುತು ಹಾಕಿಸಿಕೊಂಡವರಿಗೆ ಸ್ಟೋಮಾದ ತೊಡಕುಗಳು ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹತ್ತು ಹದಿನೈದು ನಿಮಿಷದ ಕೆಲಸ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಸಮಯವಿಲ್ಲದಿರಬಹುದು. ದಿನ ಗೊತ್ತು ಮಾಡಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಬಿಡಲು ಯಾವ ಕಾರಣವನ್ನೂ ನಾನು ಒಪ್ಪಲಾರೆ.

ಇನ್ನು ಭಾರದ ವಿಷಯ. ‘ಭಾರ ಎತ್ತಬೇಡಿ’ ಎಂದು ಎಲ್ಲ ಆಸ್ಪತ್ರೆಯಲ್ಲೂ ಹೇಳುತ್ತಾರೆ. ಹೇಳಿದ್ದನ್ನು ಕೇಳಿಸಿಕೊಂಡ ಭಾವ ಮೂಟೆ ಎತ್ತಲಿಲ್ಲ. ಆದರೆ ಏನೇನು ಮಾಡುತ್ತಿದ್ದರು ಎಂದು ಒಂದೊಂದಾಗಿ ಕೇಳಿದಾಗ ನನಗೇ ಗಾಬರಿಯಾಯಿತು. ಗ್ಯಾಸ್ ಸಿಲಿಂಡರನ್ನು ಗೇಟಿನಿಂದ ಅಡುಗೆಮನೆಗೆ ತಂದಿಡುವುದು ಅವರದೇ ಕೆಲಸ. ಒಳಗಿನ ಅನಿಲ 14.2 ಕೆ.ಜಿ., ಕಬ್ಬಿಣ ಸೇರಿದರೆ ಹತ್ತಿರ ಹತ್ತಿರ 30 ಕೆ.ಜಿ. ನಲ್ಲಿ ನೀರು ಬಾರದ ದಿನ 20 ಲೀಟರಿನ ಕ್ಯಾನು ಎತ್ತಿ ಮಗುಚುತ್ತಿದ್ದರು. ಹಳೆ ಸ್ಕೂಟರನ್ನು ದಿನಕ್ಕೆ ನಾಲ್ಕು ಸಲ ಡಬಲ್ ಸ್ಟ್ಯಾಂಡ್ ಹಾಕುತ್ತಿದ್ದರು. ಮುಂದಕ್ಕೆ ಬಾಗಿ, ಉಸಿರು ಕಟ್ಟಿ, ಒಂದೇ ಎಳೆತಕ್ಕೆ ಗಾಡಿಯನ್ನು ಹಿಂದಕ್ಕೆಳೆಯುವ ಆ ಕ್ಷಣದಲ್ಲಿ ಹೊಟ್ಟೆಯೊಳಗಿನ ಒತ್ತಡ ಎಷ್ಟಿರಬೇಡ! ಇದ್ಯಾವುದೂ ಅವರ ಲೆಕ್ಕದಲ್ಲಿ ‘ಭಾರ’ ಆಗಿರಲಿಲ್ಲ. ಭಾರ ಎಂದರೇನು ಎಂದು ಅವರವರ ಮನೆಯ ಸಾಮಾನಿನ ಹೆಸರು ಹಿಡಿದು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹಳ್ಳಿಯವರಿಗೆ ಮೇವಿನ ಹೊರೆ, ಕೊಡಪಾನ ಎನ್ನಬೇಕು. ತಾಯಂದಿರಿಗೆ ಎತ್ತಿಕೊಳ್ಳುವ ಮೊಮ್ಮಗು ಎನ್ನಬೇಕು.

ಮೈಸೂರಿನವರಿಗೆಂದೇ ಒಂದು ಮಾತು. ನಮ್ಮ ಊರಿನಲ್ಲಿ ಬೀದಿಗೊಂದು ಯೋಗದ ತರಗತಿ. ಕಾಯಿಲೆ ಬಂದು ಹೋದವರಿಗೆ ಎಲ್ಲರೂ ಕೊಡುವ ಸಲಹೆ ಯೋಗ ಮಾಡಿ ಎಂದೇ. ಮಾಡಲಿ, ಒಳ್ಳೆಯದು. ಆದರೆ ಕಪಾಲಭಾತಿಯಂತೆ ಹೊಟ್ಟೆಯನ್ನು ರಭಸವಾಗಿ ಒಳಕ್ಕೆಳೆಯುವ ಅಭ್ಯಾಸ, ನೌಕಾಸನದಂತೆ ಕಾಲು ತಲೆ ಎರಡನ್ನೂ ಎತ್ತಿ ಹೊಟ್ಟೆಯ ಮೇಲೇ ಭಾರ ಹಾಕುವ ಆಸನ ಇಂಥವನ್ನು ಸ್ಟೋಮಾ ಇರುವವರು ಶಸ್ತ್ರವೈದ್ಯರನ್ನು ಕೇಳದೆ ಮಾಡಬಾರದು. ಯೋಗದ ಗುರುಗಳಿಗೆ ಬ್ಯಾಗಿನ ವಿಷಯ ನಾಚಿಕೆ ಬಿಟ್ಟು ಹೇಳಬೇಕು. ಹಾಗೆಂದು ಮೂಲೆ ಹಿಡಿದು ಕೂರುವುದೂ ತಪ್ಪು. ಅಲುಗಾಡದ ಸ್ನಾಯು ಇನ್ನೂ ಸಡಿಲವಾಗುತ್ತದೆ. ನಡಿಗೆ ಎಲ್ಲಕ್ಕಿಂತ ಒಳ್ಳೆಯದು. ಆಮೇಲೆ ಮಲಗಿ ಮಂಡಿ ಮಡಿಸಿಕೊಂಡು, ಉಸಿರು ಬಿಡುತ್ತಾ ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುವಂಥ ಸಣ್ಣ ವ್ಯಾಯಾಮಗಳನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ಭಾವ ಈಗ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಾರೆ. ಕೆಮ್ಮು ಬಂದರೆ ನಿಂತು, ಅಂಗೈಯನ್ನು ಸ್ಟೋಮಾದ ಮೇಲೆ ಒತ್ತಿ ಹಿಡಿದು ಕೆಮ್ಮುತ್ತಾರೆ. ಹೊಸದರಲ್ಲಿ ಸಂಕೋಚವಿತ್ತು, ಎದೆ ಹಿಡಿದುಕೊಂಡು ಕೆಮ್ಮುವವರಿಲ್ಲವೇ, ಇದೂ ಹಾಗೇ ಎಂದು ಈಗ ಅಭ್ಯಾಸವಾಗಿದೆ.

ಬೆಲ್ಟಿನ ವಿಷಯದಲ್ಲಿ ನಾವು ಮೊದಲ ವಾರ ಮಾಡಿದ ತಪ್ಪನ್ನು ಬೇರೆಯವರು ಮಾಡದಿರಲಿ. ನಿಂತುಕೊಂಡು, ಉಬ್ಬಿನ ಮೇಲೆಯೇ ಬಿಗಿಯಾಗಿ ಕಟ್ಟಿದ್ದೆವು. ಮಧ್ಯಾಹ್ನದ ಹೊತ್ತಿಗೆ ನೋವು, ಬ್ಯಾಗಿನೊಳಗೆ ಮಲ ಇಳಿಯದೆ ಮೇಲೆಯೇ ಹರಡಿಕೊಂಡಿತ್ತು. ಕಟ್ಟಬೇಕಾದ್ದು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ, ಮಲಗಿ ಉಬ್ಬು ಒಳಕ್ಕೆ ಹೋದ ಮೇಲೆ. ಏಳುವಾಗ ನೇರ ಮೇಲಕ್ಕೆ ಏಳದೆ, ಪಕ್ಕಕ್ಕೆ ಹೊರಳಿ, ಕೈಯೂರಿ ಏಳಬೇಕು. ರಾತ್ರಿ ಬಿಚ್ಚಿಡಬಹುದು. ಬೆಲ್ಟಿನ ಅಗಲ, ಅಳತೆ ಅವರವರ ಹೊಟ್ಟೆಗೆ ಹೊಂದಬೇಕು, ತೊಡೆಸಂದಿನ ಹರ್ನಿಯಾಕ್ಕೆ ಕಟ್ಟುವ ಪಟ್ಟಿ ಇಲ್ಲಿಗೆ ಬರುವುದಿಲ್ಲ. ಬೆಲ್ಟು ಹರ್ನಿಯಾವನ್ನು ವಾಸಿ ಮಾಡುವುದಿಲ್ಲ; ಎಳೆತ, ಭಾರ, ಸೊಂಟನೋವು ಕಡಿಮೆ ಮಾಡುತ್ತದೆ, ಅಷ್ಟೇ.

ಸೋರಿಕೆಯ ಕಾರಣವೂ ಆಗ ಗೊತ್ತಾಯಿತು. ಬ್ಯಾಗಿನ ಅಂಟುವ ಫಲಕ ಚಪ್ಪಟೆ. ಹೊಟ್ಟೆ ಉಬ್ಬಿದಾಗ ಆ ಗುಡ್ಡದ ಮೇಲೆ ಅದು ಕೂರದೆ ಅಂಚಿನಲ್ಲಿ ಏಳುತ್ತದೆ. ಮೂರು ವರ್ಷದಿಂದ ಭಾವ ಒಂದೇ ಅಳತೆಗೆ, ಮಲಗಿದ್ದಾಗ ತೆಗೆದ ಅಳತೆಗೆ, ಫಲಕದ ತೂತು ಕತ್ತರಿಸುತ್ತಿದ್ದರು. ನಿಂತಾಗ ಸ್ಟೋಮಾ ಮೊಟ್ಟೆಯಾಕಾರವಾಗುವುದರಿಂದ ನಿಂತೇ ಅಳೆದು ಕತ್ತರಿಸಿದೆವು. ಬಗ್ಗುವ ಮೆತ್ತನೆ ಫಲಕದ ಬ್ಯಾಗು ತಂದೆವು. ಉಬ್ಬಿದ ಹೊಟ್ಟೆಗೆಂದೇ ಒಳಬಾಗಿದ ಫಲಕವಿರುವ ಬ್ಯಾಗುಗಳೂ ಇವೆ. ಮೂರನೇ ದಿನ ಅಕ್ಕ ಫೋನ್ ಮಾಡಿ ‘ಇವತ್ತು ಒಂದೇ ಬನಿಯನ್’ ಎಂದಳು.

ಎಲ್ಲರೂ ಕೇಳುವ ಪ್ರಶ್ನೆ, ಆಪರೇಷನ್ ಮಾಡಿಸಬಾರದೇ ಎಂದು. ತೊಂದರೆ ಕೊಡದ ಉಬ್ಬನ್ನು ಹೆಚ್ಚಿನ ವೈದ್ಯರು ಮುಟ್ಟುವುದಿಲ್ಲ, ಅದು ಸರಿಯೂ ಹೌದು. ಸುಮ್ಮನೆ ಅಂಚು ಸೇರಿಸಿ ಹೊಲಿದರೆ ಅದು ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮತ್ತೆ ಬರುತ್ತದೆ. ಯುರೋಪಿನ ಮಾರ್ಗಸೂಚಿ ಆ ವಿಧಾನವನ್ನೇ ಬೇಡ ಎನ್ನುತ್ತದೆ. ಈಗ ಮಾಡುವುದು ಜಾಲರಿ ಅಂದರೆ ಮೆಶ್ ಇಟ್ಟು. ಮತ್ತೆ ಸೈಕಲ್ ಟೈರಿಗೇ ಬರೋಣ. ಸೀಳಿದ ಟೈರಿಗೆ ಸೈಕಲ್ ಶಾಪಿನವನು ಹೊರಗಿನಿಂದ ತೇಪೆ ಹಾಕುವುದಿಲ್ಲ. ಹಳೆ ಟೈರಿನ ಒಂದು ತುಂಡನ್ನು ಒಳಗಡೆ, ಟೈರಿಗೂ ಟ್ಯೂಬಿಗೂ ನಡುವೆ ಇಡುತ್ತಾನೆ. ಗಾಳಿಯ ಒತ್ತಡವೇ ಅದನ್ನು ಅಲುಗದಂತೆ ಹಿಡಿಯುತ್ತದೆ. ಅಮೆರಿಕದ ಪಾಲ್ ಶುಗರ್‌ಬೇಕರ್ ಎಂಬ ಶಸ್ತ್ರವೈದ್ಯ 1985ರಲ್ಲಿ ಪ್ರಕಟಿಸಿದ ವಿಧಾನವೂ ಇದೇ ಜಾಡಿನದು. ಜಾಲರಿಯನ್ನು ಹೊಟ್ಟೆಯ ಒಳಗಿನಿಂದ ಹಾಸಿ, ಸ್ಟೋಮಾಕ್ಕೆ ಹೋಗುವ ಕರುಳು ಜಾಲರಿಗೂ ಗೋಡೆಗೂ ನಡುವೆ ಪಕ್ಕದಿಂದ ಹಾದು ಬರುವಂತೆ ಮಾಡುವುದು. ಇಂದು ಲ್ಯಾಪರೋಸ್ಕೋಪಿಯಲ್ಲೂ ಇದನ್ನು ಮಾಡುತ್ತಾರೆ.

ಹಾಗಾದರೆ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಜಾಲರಿ ಇಟ್ಟುಬಿಟ್ಟರೆ? ಇದರ ಬಗ್ಗೆ ತಜ್ಞರಲ್ಲೇ ಚರ್ಚೆ ಮುಗಿದಿಲ್ಲ. ನೆದರ್ಲೆಂಡ್ಸಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜಾಲರಿ ಇಟ್ಟವರಿಗೆ ಮೊದಲ ವರ್ಷದಲ್ಲಿ ಹರ್ನಿಯಾ ಬಹಳ ಕಡಿಮೆ ಕಂಡಿತು. 2019ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗದಲ್ಲಿ ಹಾಗೆ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಎಲ್ಲರಿಗೂ ಇಡಲೇಬೇಕು ಎಂದು ಹೇಳಲಾಗದು. ಆದರೆ ‘ನನಗೆ ಜಾಲರಿ ಇಡುವುದು ಒಳ್ಳೆಯದೇ?’ ಎಂದು ಶಸ್ತ್ರಚಿಕಿತ್ಸೆಗೆ ಮೊದಲು ಕೇಳುವ ಹಕ್ಕು ರೋಗಿಗಿದೆ. ಇಂಥ ಪ್ರಶ್ನೆಯೊಂದಿದೆ ಎಂದೇ ಭಾವನಿಗೆ ಗೊತ್ತಿರಲಿಲ್ಲ.

ಇಷ್ಟು ಹೊತ್ತು ಹೆದರಬೇಡಿ ಎಂದೆ. ಹೆದರಲೇಬೇಕಾದ ಹೊತ್ತೂ ಒಂದಿದೆ. ಮಲಗಿದರೆ ಒಳಕ್ಕೆ ಹೋಗುತ್ತಿದ್ದ ಉಬ್ಬು ಹೋಗದೆ ಗಟ್ಟಿಯಾಗಿ, ಮುಟ್ಟಿದರೆ ಜೀವ ಹೋಗುವ ನೋವಾದರೆ. ಬ್ಯಾಗಿಗೆ ಮಲವೂ ಇಲ್ಲ, ಗಾಳಿಯೂ ಇಲ್ಲ, ಹೊಟ್ಟೆ ಉಬ್ಬರಿಸಿ ವಾಂತಿ ಶುರುವಾದರೆ. ಕೆಂಪಗಿದ್ದ ಸ್ಟೋಮಾ ನೇರಳೆಗೋ ಕಪ್ಪಿಗೋ ತಿರುಗಿದರೆ, ಸಂದಿಯಲ್ಲಿ ಕರುಳು ಸಿಕ್ಕಿಕೊಂಡಿರಬಹುದು, ಅದರ ರಕ್ತ ಸಂಚಾರ ನಿಂತಿರಬಹುದು. ಆಗ ಬೆಲ್ಟು ಬಿಗಿಯುವುದಾಗಲಿ, ಕೈಯಿಂದ ಒತ್ತಿ ಒಳಕ್ಕೆ ತಳ್ಳುವುದಾಗಲಿ, ಭೇದಿಯಾಗಲೆಂದು ಔಷಧ ಕುಡಿಯುವುದಾಗಲಿ ಕೂಡದು. ಬೆಳಗಾಗಲಿ ಎಂದು ಕಾಯಲೂ ಕೂಡದು. 108ಕ್ಕೆ ಫೋನ್ ಮಾಡಿ, ದೊಡ್ಡಾಸ್ಪತ್ರೆಯೋ ಮತ್ತೊಂದೋ, ರಾತ್ರಿ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ಈ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಕ್ಕನ ಮನೆಯ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಭಾವನ ಡಿಸ್ಚಾರ್ಜ್ ಸಮ್ಮರಿಯನ್ನು ಹುಡುಕಿ ಮತ್ತೆ ಓದಿದೆ. ಎಲ್ಲ ಇಂಗ್ಲಿಷಿನಲ್ಲಿ, ಗೆಡ್ಡೆಯ ಅಳತೆ, ಮಾತ್ರೆಗಳ ಹೆಸರು, ಮುಂದಿನ ಭೇಟಿಯ ದಿನ. ಹರ್ನಿಯಾದ ಬಗ್ಗೆ ಒಂದಕ್ಷರವಿಲ್ಲ. ಅವರ ಜೀವ ಉಳಿಸಿದ ಕೈಗಳ ಬಗ್ಗೆ ನನಗೆ ಕೃತಜ್ಞತೆಯಿದೆ, ಅದಕ್ಕೇ ಇದನ್ನು ನೋವಿನಿಂದ ಹೇಳುತ್ತಿದ್ದೇನೆ. ಸ್ಟೋಮಾದ ಆರೈಕೆಗೆಂದೇ ತರಬೇತಾದ ನರ್ಸುಗಳಿರುತ್ತಾರೆ. ಆ ತರಬೇತಿ ಹುಟ್ಟಿದ್ದು ಅಮೆರಿಕದ ಕ್ಲೀವ್‌ಲೆಂಡಿನಲ್ಲಿ, ರೂಪರ್ಟ್ ಟರ್ನ್‌ಬುಲ್ ಎಂಬ ಶಸ್ತ್ರವೈದ್ಯ ತನ್ನ ರೋಗಿಯೇ ಆಗಿದ್ದ ನಾರ್ಮಾ ಗಿಲ್ ಅವರನ್ನು ಈ ಕೆಲಸಕ್ಕೆ ಸೇರಿಸಿಕೊಂಡಾಗ. ನಾವಿಂದು ಅಂಟಿಸಿಕೊಳ್ಳುವ ಬ್ಯಾಗಿನ ಮೂಲವೂ ಒಬ್ಬ ನರ್ಸೇ. 1954ರಲ್ಲಿ ಡೆನ್ಮಾರ್ಕಿನ ಎಲಿಸ್ ಸೋರೆನ್ಸನ್ ತನ್ನ ತಂಗಿ ಥೋರಾಗೆ ಸ್ಟೋಮಾ ಆದಾಗ, ಸೋರಿಕೆಗೆ ಹೆದರಿ ಮನೆಬಿಟ್ಟು ಹೊರಡದಿದ್ದ ಅವಳಿಗಾಗಿ ಇದನ್ನು ಯೋಚಿಸಿದಳು. ಸ್ಟೋಮಾ ಇರುವವರಿಗೆಂದೇ ಮುಂಬೈಯಲ್ಲಿ 1975ರಿಂದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಈ ಬದುಕಿನಲ್ಲಿ ಮುಖ್ಯವಾದದ್ದೆಲ್ಲ ಅದನ್ನು ಬದುಕಿದವರು, ಪಕ್ಕದಲ್ಲಿ ಕೂತು ನೋಡಿದವರು ಕಂಡುಕೊಂಡದ್ದು. ನಮ್ಮ ಆಸ್ಪತ್ರೆಗಳಿಂದ ನಾನು ಕೇಳುವುದು ಕನ್ನಡದಲ್ಲಿ ಒಂದು ಹಾಳೆ: ಉಬ್ಬು ಬರಬಹುದು, ಅದು ಗೆಡ್ಡೆಯಲ್ಲ, ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಕೆಮ್ಮಿ ನೋಡಿಕೊಳ್ಳಿ, ಕಂಡರೆ ಬಂದು ತೋರಿಸಿ. ಮತ್ತೆ ತಪಾಸಣೆಗೆ ಹೋದಾಗ ಮಲಗಿಸಿ ಮಾತ್ರವಲ್ಲ, ನಿಲ್ಲಿಸಿಯೂ ಹೊಟ್ಟೆ ನೋಡಲಿ.

ಕಳೆದ ತಿಂಗಳು ಅಕ್ಕನ ಮನೆಯ ಹಿಂದಿನ ಬೀದಿಯ ಹಿರಿಯರೊಬ್ಬರಿಗೆ ಇದೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಅವರ ಮಗ ಬಂದು ಭಾವನನ್ನು ಕೇಳಿದ, ‘ಅಂಕಲ್, ಒಂದ್ಸಲ ಬಂದು ಅಪ್ಪನ ಹತ್ರ ಮಾತಾಡ್ತೀರಾ? ಊಟಾನೇ ಬಿಟ್ಬಿಟ್ಟಿದಾರೆ.’ ಭಾವ ಒಂದು ಹೊಸ ಬ್ಯಾಗು, ಹಳೆ ಬೆಲ್ಟು ಕವರಿನಲ್ಲಿ ಹಾಕಿಕೊಂಡು ಹೊರಟರು, ಜೊತೆಗೆ ನಾನೂ ಹೋದೆ. ಆ ಹಿರಿಯರು ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದರು. ಭಾವ ಕುರ್ಚಿ ಎಳೆದುಕೊಂಡು ಕೂತರು. ತಮ್ಮ ಕಾಯಿಲೆಯ ಕಥೆ ಹೇಳಲಿಲ್ಲ, ಧೈರ್ಯದ ಮಾತೂ ಆಡಲಿಲ್ಲ. ‘ಸ್ವಲ್ಪ ಎದ್ದು ನಿಂತ್ಕೊಳಿ ಸಾರ್’ ಎಂದರು. ಅವರು ಮೆಲ್ಲಗೆ ಎದ್ದು ನಿಂತಾಗ, ಜೇಬಿನಿಂದ ಪೆನ್ನು ತೆಗೆದು ಕೇಳಿದರು: ‘ನೀವು ಪಂಚೆ ಎಲ್ಲಿ ಕಟ್ತೀರಿ?’